ಕೆಂಪು ದೀಪದಲ್ಲಿ ತೆರೆಯಬೇಕಾದ ಪೆಟ್ಟಿಗೆ

ಅಪ್ಪಾ,

ನೀವು ಇದ್ದಿದ್ದರೂ ಇದನ್ನು ಯಾರಾದರೂ ಓದಿ ಹೇಳಬೇಕಾಗಿತ್ತು. ಈಗ ಅದೂ ಬೇಡ.

ಇವತ್ತು ಹಡಗಿನಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಆಳಸಮುದ್ರದ ಸೀಗಡಿಗಳ ಕಣ್ಣು ನಮ್ಮ ಬೆಳಕನ್ನು ತಾಳುವುದಿಲ್ಲ, ಸುಟ್ಟೇಹೋಗುತ್ತದೆ. ಅದಕ್ಕೇ ಮಂಕು ಕೆಂಪು ದೀಪದಲ್ಲಿ, ಉಸಿರು ಬಿಗಿಹಿಡಿದು ಅವುಗಳನ್ನು ಹಿಡಿದು ತಂದ ಪೆಟ್ಟಿಗೆ ತೆರೆಯುತ್ತಿದ್ದೆ. ನನಗೆ ಸರಿಯಾಗಿ ಕಾಣಲಿ ಎಂದು ಕ್ಯಾಪ್ಟನ್ ದೊಡ್ಡ ದೀಪ ಹಾಕಿಬಿಟ್ಟರು.

"ಏನೂ ಆಗಿಲ್ಲ ಬಿಡಮ್ಮ, ಚೆನ್ನಾಗೇ ಓಡಾಡ್ತಿವೆಯಲ್ಲ," ಎಂದರು.

ನಿಜ, ಮೀಸೆಯಿಂದ ಗಾಜು ತಡವುತ್ತ ಓಡಾಡುತ್ತಿದ್ದವು. ಸಂಜೆ ಅವುಗಳ ಕಣ್ಣೆದುರು, ಅವಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ನೀಲಿ ಬೆಳಕು ಮಿನುಗಿಸಿದೆ. ಒಂದೂ ಬೆಚ್ಚಲಿಲ್ಲ.

"ಕಣ್ಣು ಹೋದ್ರೂ ನೋಡೋರಿಗೆ ಗೊತ್ತಾಗಲ್ವಾ?" ಕ್ಯಾಪ್ಟನ್ ಮೆಲ್ಲಗೆ ಕೇಳಿದರು.

ಬೀರುವನ್ನು ನಾನು ಬೇರೆ ಗೋಡೆಗೆ ಸರಿಸಿದ ದಿನದವರೆಗೂ ನಮ್ಮ ಮನೆಯಲ್ಲಿ ನೀವು ಎಡವಿದ್ದೇ ಇಲ್ಲ.