ಇಂಚರಾಳ ಕೈಗೆ ಒಗ್ಗುವ ಪಿಸ್ತೂಲು

ಎವರ್‌ಗ್ರೀನ್, ಸ್ಯಾನ್ ಹೊಸೆ
೧೦ ಅಕ್ಟೋಬರ್ ೨೦೦೦

ಪ್ರೀತಿಯ ರಘುವಿಗೆ,

ವ್ಯಾಸರಾಜನ ನಮಸ್ಕಾರ. ನಾವು ಮೂವರೂ ಉಂಡುಟ್ಟುಕೊಂಡು ಸುಖವಾಗಿದ್ದೇವೆ ಎಂದು ಬರೆಯುವುದು ರೂಢಿ. ಉಣ್ಣುತ್ತಿದ್ದೇವೆ, ಉಡುತ್ತಿದ್ದೇವೆ, ಮಿಕ್ಕಿದ್ದನ್ನು ಮುಂದೆ ಓದು. ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲ ಎಂದು ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯ. ಕೃಷ್ಣಾಷ್ಟಮಿಯಿಂದ ಬರೆಯುತ್ತಲೇ ಇದ್ದೇನೆ, ಹರಿದುಹಾಕುತ್ತಲೇ ಇದ್ದೇನೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನಿನ್ನ ಮಂಡಿನೋವು ಹೇಗಿದೆ? ಡಾಕ್ಟರ್ ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಪೇಪರ್ ಓದುತ್ತಾ ಕಾಲು ಅಲ್ಲಾಡಿಸಿ ಮುಗಿಸುತ್ತೀಯೋ?

ಮೊದಲು ನೀನು ನಗುವಂಥ ಸುದ್ದಿ. ನಾನೊಂದು ಪಿಸ್ತೂಲು ಕೊಂಡೆ. ಎನ್‌.ಸಿ.ಸಿ. ಕ್ಯಾಂಪಿನಲ್ಲಿ ನಾನು ಹೊಡೆದ ಗುಂಡು ಪಕ್ಕದವನ ಗುರಿಹಲಗೆಗೆ ಬಿದ್ದು, ಶಾಭಾಸ್‌ಗಿರಿ ಅವನಿಗೆ ಸಿಕ್ಕಿದ್ದನ್ನು ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ಹೇಳಿ ನಗಿಸಿದವನು ನೀನು. ಇದೂ ಅದೇ ಪಾಯಿಂಟ್ ಟೂ ಟೂ. ಗುಂಡು ಮೆಣಸಿನಕಾಳಿಗಿಂತ ತುಸು ದಪ್ಪ, ಅಷ್ಟೆ. ಸದ್ದು ಕಡಿಮೆ, ಕೈಗೆ ಒದೆಯುವುದಿಲ್ಲ, ಮನೆಯವರೆಲ್ಲ ಸೇರಿ ಕಾಗದದ ಗುರಿಗೆ ಹೊಡೆದು ಕಲಿಯುವುದಕ್ಕೆ ಹೇಳಿ ಮಾಡಿಸಿದ್ದು. ಆಫೀಸಿನಲ್ಲಿ ವೀಕೆಂಡ್ ಹವ್ಯಾಸ ಎಂದಿದ್ದೇನೆ. ಷೇರಿನ ಲೆಕ್ಕದಲ್ಲಿ ಮುಳುಗಿರುವ ಹುಡುಗರು "ಕೂಲ್, ಸರ್" ಎಂದು ಸುಮ್ಮನಾದರು.

ಹವ್ಯಾಸವಲ್ಲ ರಘು. ಹೆದರಿದ್ದೇವೆ. ಮಗಳು ಇಂಚರಾ ಜೂನ್‌ನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಆಫೀಸಿಗೆ ಹತ್ತಿರವಾಗುತ್ತದೆ ಎಂದು ನಿಮಗೆಲ್ಲ ಹೇಳಿರುತ್ತಾರೆ. ಅವಳ ಆಫೀಸು ಇಲ್ಲಿಂದ ಫ್ರೀವೇನಲ್ಲಿ ಒಂದು ಗಂಟೆ ತೆವಳುವಷ್ಟು ದೂರ. ಅವಳ ಹಿಂದೆ ಒಬ್ಬ ಬಿದ್ದಿದ್ದಾನೆ. ಮೇ ತಿಂಗಳಲ್ಲಿ ಅವಳ ಎಡಗೈ ತಿರುಚಿ ಮಣಿಕಟ್ಟಿನ ಮೂಳೆ ಮುರಿದವನು ಅವನೇ. ಈಗ ಸಂಜೆಯಾದರೆ ಅವನ ಬೆಳ್ಳಿಬಣ್ಣದ ಕಾರು ಎದುರುಮನೆಯ ಮುಂದೆ ಬಂದು ನಿಲ್ಲುತ್ತದೆ. ಇಳಿಯುವುದಿಲ್ಲ, ಮಾತಾಡುವುದಿಲ್ಲ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ನಮ್ಮ ಕಿಟಕಿ ನೋಡುತ್ತಾ ಕೂತಿರುತ್ತಾನೆ. ನನ್ನಾಕೆ ಇಂದು ಪರದೆ ಎಳೆದು ಹಾಲಿನಲ್ಲಿ ದೀಪ ಹಚ್ಚದೆ ಅಡುಗೆ ಮಾಡುತ್ತಾಳೆ.

ಪೊಲೀಸಿಗೆ ಹೇಳಬೇಕಿತ್ತು. ಬೇಡವೆಂದು ತಡೆದವನು ನಾನೇ. ಅವನು ನಮ್ಮ ಪೈಕಿಯ ಹುಡುಗ. ಒಮ್ಮೆ ಇಲ್ಲಿನ ಪೊಲೀಸರ ಕೈಗೆ ಬಿದ್ದರೆ ಅವನ ವೀಸಾ, ಭವಿಷ್ಯ, ಊರಿನಲ್ಲಿ ತಾಯಿತಂದೆಯ ಮರ್ಯಾದೆ ಎಲ್ಲ ಮಣ್ಣುಪಾಲಾಗುತ್ತದೆ ಎಂದುಕೊಂಡೆ. ಹೆಸರು ಮಾತ್ರ ಈಗಲೇ ಕೇಳಬೇಡ. ಈ ಪತ್ರ ಮುಗಿಯುವುದರೊಳಗೆ ಬರೆಯುವ ಧೈರ್ಯ ಬರಬಹುದು.

ಪಿಸ್ತೂಲು ಕೊಳ್ಳಲು ಕ್ಯಾಂಪ್‌ಬೆಲ್ ಕಡೆ ಒಂದು ಅಂಗಡಿಗೆ ಮೂವರೂ ಹೋದೆವು. ಇಂದು ಸೀರೆ ಅಂಗಡಿಗೆ ಬಂದವಳ ಹಾಗೆ "ಅದಲ್ಲ, ಅದರ ಪಕ್ಕದ್ದು ತೋರ್ಸಕ್ಕೆ ಹೇಳಿ" ಎನ್ನುತ್ತಿದ್ದಳು. ಅಂಗಡಿಯವನು ಗಾಜಿನ ಮೇಲೆ ಟವೆಲ್ ಹಾಸಿ ಮೊದಲು ಚಪ್ಪಟೆಯಾದ ಆಟೊಮ್ಯಾಟಿಕ್ ಇಟ್ಟ. ಅದರಲ್ಲಿ ಗುಂಡು ಏರಿಸಬೇಕಾದರೆ ಮೇಲಿನ ಭಾಗವನ್ನು ಎಡಗೈಯಿಂದ ಹಿಂದಕ್ಕೆಳೆಯಬೇಕು. ಇಂಚರಾ ಎಳೆದಳು. ಅರ್ಧಕ್ಕೇ ತುಟಿ ಕಚ್ಚಿಕೊಂಡು ಬಿಟ್ಟಳು. ಕೈಗೇನಾಯಿತು ಎಂದು ಅವನು ಕೇಳಿದ್ದಕ್ಕೆ "ಕಾರ್ ಡೋರ್" ಎಂದಳು. ಎಷ್ಟು ಸಲೀಸಾಗಿ ಎಂದಳು ಎಂದರೆ, ಎಷ್ಟು ಜನಕ್ಕೆ ಹೀಗೆಯೇ ಹೇಳಿದ್ದಾಳೋ ಎಂದು ನನಗೆ ಸಂಕಟವಾಯಿತು.

ಅವನು ಅದನ್ನು ಒಳಗಿಟ್ಟು ರಿವಾಲ್ವರ್ ತೆಗೆದ. ಇದರಲ್ಲಿ ಎಳೆಯುವ ಗೋಜಿಲ್ಲ. ಗುಂಡಿನ ಗೂಡು ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ತುಂಬಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಹೊಸಬರಿಗೆ ಅದೇ ಕ್ಷೇಮ ಎಂದ. ಹಿಡಿಕೆ ಅವಳ ಅಂಗೈಗೆ ಸರಿಯಾಗಿ ಕೂತಿತು. ಇಂದು ನನ್ನ ಕಿವಿಯ ಹತ್ತಿರ ಬಂದು "ಇಷ್ಟು ಚಿಕ್ಕದು ಸಾಕಾಗುತ್ತೇನ್ರೀ?" ಎಂದಳು.

"ಯಾತಕ್ಕೆ ಸಾಕಾಗ್ಬೇಕು?" ಎಂದೆ. ಅವಳು ಅದರ ಬೆಲೆಯ ಚೀಟಿ ತಿರುಗಿಸಿ ನೋಡತೊಡಗಿದಳು.

ಅರ್ಜಿ, ಪರೀಕ್ಷೆ, ಕಾಯುವ ದಿನಗಳು ಎಲ್ಲ ಮುಗಿದು ಅದು ಮನೆಗೆ ಬಂತು. ಗುರಿ ಹೊಡೆದು ಕಲಿಯುವ ಶೂಟಿಂಗ್ ರೇಂಜಿನಲ್ಲಿ ಮನುಷ್ಯನ ಆಕಾರದ ಕಾಗದ ಕೊಡಲು ಬಂದರೆ ಇಂಚರಾ "ನೋ, ಜಸ್ಟ್ ಸರ್ಕಲ್ಸ್" ಎಂದು ವೃತ್ತದ್ದನ್ನೇ ಇಸಿದುಕೊಂಡಳು. ನಿಧಾನವಾಗಿ, ಉಸಿರು ಹಿಡಿದು ಹೊಡೆಯುತ್ತಾಳೆ. ಚೆನ್ನಾಗಿಯೇ ಹೊಡೆಯುತ್ತಾಳೆ. ಇಂದು ಕಿವಿಗೆ ಮುಚ್ಚಳ ಹಾಕಿಕೊಂಡು, ಕಣ್ಣು ಮುಚ್ಚಿ, ವಾಯುಸ್ತುತಿ ಹೇಳುತ್ತಾ ಬೆಂಚಿನ ಮೇಲೆ ಕೂತಿರುತ್ತಾಳೆ.

ಇನ್ನು ನಮ್ಮ ಬುದ್ಧಿಗೇಡಿತನ ಕೇಳು. ಮೊನ್ನೆ ಶುಕ್ರವಾರ ಆಯುಧಪೂಜೆ. ಅಡುಗೆಮನೆಯ ಚಾಕು, ಈಳಿಗೆಮಣೆ, ಹೊಲಿಗೆ ಯಂತ್ರ, ಇಂಚರಾಳ ಲ್ಯಾಪ್‌ಟಾಪು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದ ಇಂದು, "ಮನೇಲಿರೋ ಒಂದೇ ನಿಜವಾದ ಆಯುಧ ಅದು, ಅದನ್ನ ಬಿಟ್ಟು ಈಳಿಗೆಮಣೆಗೆ ಮಾಡ್ಲಾ ಪೂಜೆ?" ಎಂದು ಪಿಸ್ತೂಲನ್ನೂ ಇಡಿಸಿದಳು. ಕುಂಕುಮ ಹಚ್ಚಿ ಸೇವಂತಿಗೆ ಏರಿಸಿದಳು. ಪೂಜೆಯಾದ ಮೇಲೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ ಎಂದರೆ ಬಿಡಲಿಲ್ಲ. ಪೂಜೆಗಿಟ್ಟದ್ದನ್ನು ದಶಮಿಯ ಬೆಳಗಿನ ಪೂಜೆವರೆಗೆ ಕದಲಿಸಬಾರದಂತೆ. ಗುಂಡುಗಳು ಬೇರೆ ಕಡೆ ಬೀಗದಲ್ಲಿವೆಯಲ್ಲ ಎಂದು ನಾನೂ ಒಪ್ಪಿ, ಗ್ಯಾರೇಜಿಗೆ ಹೋಗಿ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದೆ.

ಒಳಗೆ ಮಾತು ಕೇಳಿ ಬಂದು ನೋಡಿದರೆ, ಹಾಲಿನಲ್ಲಿ ಅವನು. ಬೆಲ್ ಆಯಿತಂತೆ, ಇಂದು ಬಾಗಿಲು ತೆಗೆದಳಂತೆ. "ಹಬ್ಬ ಅಲ್ವಾ? ಪ್ರಸಾದ ಇಲ್ವಾ?" ಎಂದನಂತೆ. ಹಬ್ಬದ ದಿನ ಬಾಗಿಲಿಗೆ ಬಂದು ಪ್ರಸಾದ ಕೇಳಿದವನಿಗೆ ಇಲ್ಲವೆನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಕೋಸಂಬರಿ ಕೊಟ್ಟಿದ್ದಾಳೆ. ಅವನು ತಿಂದು, ಕೈ ತೊಳೆದು ಬಂದು, ಪೂಜೆಯ ಮಣೆಯ ಮುಂದೆ ಕೈಮುಗಿದ. ಆಮೇಲೆ ಹೂವು ಸರಿಸಿ ಪಿಸ್ತೂಲು ಎತ್ತಿಕೊಂಡ.

"ಟೂ ಟೂ. ಬಿಗಿನರ್ಸ್‌ಗೆ ಒಳ್ಳೇದು," ಎಂದ. ಗೂಡು ತೆರೆದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ತೂತುಗಳೊಳಗಿಂದ ನೋಡಿದ. ಅವನು ನೋಡುತ್ತಿದ್ದದ್ದು ಮೆಟ್ಟಿಲ ಮೇಲೆ ನಿಂತಿದ್ದ ಇಂಚರಾಳನ್ನು.

"ಖಾಲಿ ಇದೆ," ಎಂದು ನಕ್ಕ. "ಯಾರಿಗೋಸ್ಕರ ತಂದಿದ್ದು?"

ನಾನು ನಿಂಬೆಹಣ್ಣು ಹಿಡಿದುಕೊಂಡು ನಿಂತಿದ್ದೆ. ಅವನು ಅದನ್ನು ಜಾಗಕ್ಕಿಟ್ಟು, ಬೆರಳಿಗೆ ಅಂಟಿದ ಕುಂಕುಮವನ್ನು ಹಣೆಗೆ ಒರೆಸಿಕೊಂಡು "ಬರ್ತೀನಿ" ಎಂದ. ಇಂದು ಅಭ್ಯಾಸಬಲದಿಂದ "ಹೂಂ, ಬಾಪ್ಪ" ಎಂದುಬಿಟ್ಟಳು. ಹಾಗೆಂದುಬಿಟ್ಟೆನಲ್ಲ ಎಂದು ಸಂಜೆಯೆಲ್ಲ ಅತ್ತಳು. ದಶಮಿಯ ಪೂಜೆಗೆ ಕಾಯದೆ ತಾನೇ ಪಿಸ್ತೂಲು ಎತ್ತಿ ಬೀಗ ಹಾಕಿದಳು.

ಇಂಚರಾ ಮಾತ್ರ ಅಳಲಿಲ್ಲ. "ಅಪ್ಪಾ, ಇನಫ್. ನಿಮ್ಮ ಮರ್ಯಾದೆ ಎಲ್ಲ ಸಾಕು. ಐ ವಾಂಟ್ ಟು ಲಿವ್," ಎಂದು ನನ್ನೆದುರೇ ಪೊಲೀಸಿಗೆ ಫೋನ್ ಮಾಡಿದಳು. ಬರುವ ಸೋಮವಾರ ಕೋರ್ಟಿಗೆ ಹೋಗುತ್ತೇವೆ. ಅವನು ಅವಳ ಹತ್ತಿರ ಸುಳಿಯದಂತೆ ಆಜ್ಞೆ ಕೊಡುತ್ತಾರಂತೆ. ಆಜ್ಞೆಯ ಕಾಗದ ಬಾಗಿಲು ಕಾಯುತ್ತದೆಯೇ ಎಂಬುದು ಇಂದುವಿನ ಪ್ರಶ್ನೆ. ನನ್ನದೂ ಅದೇ.

ಗುರುರಾಯರು ನಿನ್ನನ್ನೂ ಅತ್ತಿಗೆಯನ್ನೂ ಕಾಪಾಡಲಿ. ಇದನ್ನು ಓದಿದ ಮೇಲೆ ನಿಮಗೆ ಅವರ ಆಸರೆ ಬೇಕಾಗುತ್ತದೆ. ಅತ್ತಿಗೆಗೆ ನೀನೇ ಓದಿ ಹೇಳು. ಮುಂದಿನದನ್ನು ಮೊದಲು ಒಬ್ಬನೇ ಓದಿಕೊಂಡು ಆಮೇಲೆ ಹೇಳು.

ನಿನ್ನ
ವ್ಯಾಸು

ವಿ.ಸೂ.: ಧೈರ್ಯ ಬಂದಿಲ್ಲ, ಆದರೂ ಬರೆಯುತ್ತೇನೆ. ಕೋರ್ಟಿನಲ್ಲಿ ಇಂಚರಾ ಹೇಳುವ ಹೆಸರನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ರಘು, ಅವನು ನಮ್ಮ ಸುಧನ್ವ. ನಿನ್ನ ಮಗ, ನನ್ನ ಅಳಿಯ. ಏಪ್ರಿಲ್‌ನಲ್ಲಿ ಅವನ ಕಂಪನಿ ಮುಳುಗಿದ ಮೇಲೆ ಹೀಗಾದ ಎಂದು ನಿನ್ನ ಮುಂದೆ ಸುಳ್ಳು ಹೇಳಬಹುದಿತ್ತು. ಇಂಚರಾ ಹೇಳುವ ಪ್ರಕಾರ ಮದುವೆಯಾದ ವರ್ಷದಿಂದಲೇ ಹೊಡೆಯುತ್ತಿದ್ದ. ಭಾನುವಾರ ಅವಳು ನನ್ನನ್ನು ಕೇಳಿದಳು, "ಅವನು ಮತ್ತೆ ಒಳಗೆ ಬಂದ್ರೆ, ಅಪ್ಪಾ, ವುಡ್ ಯೂ ಶೂಟ್ ಹಿಮ್?" ನಾನೇ ಎತ್ತಿ ಆಡಿಸಿದ ಮಗು ಅವನು, ನನ್ನ ತೊಡೆಯ ಮೇಲೆ ಅಕ್ಷರ ತಿದ್ದಿದ ಮಗು. ಯೋಚನೆ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಯೋಚನೆ ಮಾಡದೆ ಹೌದು ಎಂದೆ. ಅವನ ಭಯಕ್ಕಿಂತ ನನಗೀಗ ಆ ಉತ್ತರದ ಭಯವೇ ಹೆಚ್ಚು. ಬೇಗ ಬಾ ರಘು. ನಿನ್ನ ಮಗನನ್ನು ಕರೆದುಕೊಂಡು ಹೋಗು.