ಕಾಪು ದಾಟಿದರೆ ಸರಿಯಾಗ್ತದೆ ಎಂದಿದ್ದೆ

ನನ್ನ ಮನೆಯವಳಿಗೆ, ಐರಿನ್ ಟೀಚರಿಗೆ,

ನಾವಿಬ್ಬರು ಬಾಯಲ್ಲಿ ಆಡಿದ್ದೆಲ್ಲ ಕೊಂಕಣಿ, ಕಾಗದದಲ್ಲಿ ಮಾತ್ರ ಕನ್ನಡ. ಗಲ್ಫಿನಿಂದ ನಾನು ಬರೆದ ಮೊದಲ ಪತ್ರವನ್ನು ನೀನು ಕೆಂಪು ಶಾಯಿಯಲ್ಲಿ ತಿದ್ದಿ, ನಿನ್ನ ಉತ್ತರದ ಜೊತೆ ಅದೇ ಲಕೋಟೆಯಲ್ಲಿಟ್ಟು ಕಳಿಸಿದ್ದೆ. ಕನ್ನಡ ಟೀಚರನ್ನು ಮದುವೆಯಾದರೆ ಹೀಗೇ ಎಂದು ನಾನು ಎಂಜಿನ್ ನೋಡಿಕೊಳ್ಳುತ್ತಿದ್ದ ಟಗ್ ಬೋಟಿನವರೆಲ್ಲ ನಕ್ಕಿದ್ದರು. ನನಗೆ ಸಿಟ್ಟು ಬಂದಿತ್ತು, ಆಮೇಲೆ ಅಭ್ಯಾಸವಾಯಿತು. ಈ ಪತ್ರವನ್ನು ತಿದ್ದುವವರಿಲ್ಲ. ಕಾಗುಣಿತ ತಪ್ಪಿದ್ದರೆ ಹಾಗೆಯೇ ಇರಲಿ. ಅದಕ್ಕಿಂತ ದೊಡ್ಡ ತಪ್ಪೊಂದನ್ನು ಹೇಳಲು ಕುಳಿತಿದ್ದೇನೆ. ನೀನು ಹೋಗಿ ಐದು ತಿಂಗಳಾಯಿತು, ಒಬ್ಬರನ್ನು ಬಿಟ್ಟು ಇನ್ನೂ ಯಾರಿಗೂ ಬಾಯಿಬಿಟ್ಟು...

ದೋಣಿ ನಮ್ಮ ಮನೆಯ ಹಿಂದೆ ಬಂದು ನಿಂತ ದಿನ ನಿನಗೆ ನೆನಪಿರಬಹುದು. ಯಾರೋ ಬೇಡವೆಂದು ಬಿಟ್ಟಿದ್ದ ಹಳೆಯ ಫೈಬರ್ ದೋಣಿ. ಅದಕ್ಕೆ ಸಣ್ಣ ಡೀಸೆಲ್ ಎಂಜಿನ್ ಕೂರಿಸಿ, ತಗಡಿನ ಮಾಡು ಹಾಕಿ, ಮಲಗಲು ಎರಡು ಹಲಗೆ, ಸ್ಟವ್ ಇಡುವಷ್ಟು ಜಾಗ ಮಾಡಲು ನನಗೆ ಇಡೀ ಮಳೆಗಾಲ ಹಿಡಿದಿತ್ತು. ನೀನು ಹಿತ್ತಲ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ತುಂಬ ಹೊತ್ತು ನೋಡಿದೆ. "ಮೂವತ್ತು ವರ್ಷ ನೀವು ನೀರಿನಲ್ಲಿ, ನಾನು ದಡದಲ್ಲಿ ಇದ್ದದ್ದು ಸಾಕಾಗಲಿಲ್ಲವಾ? ಈಗ ನನ್ನನ್ನೂ ಇಳಿಸಬೇಕಾ?" ಎಂದೆ. "ಅದಕ್ಕೇ ಮಾರಾಯ್ತಿ, ಇನ್ನು ನಾನೊಬ್ಬನೇ ಹೋಗುವುದು ಬೇಡ ಅಂತ" ಎಂದೆ ನಾನು. ಅದು ಸುಳ್ಳಾಗಿರಲಿಲ್ಲ. ನಮಗೆ ಮಕ್ಕಳಿಲ್ಲ. ನೀನೂ ಶಾಲೆಯಿಂದ ನಿವೃತ್ತಳಾಗಿದ್ದೆ. ವರ್ಷಕ್ಕೊಂದು ತಿಂಗಳ ರಜೆಯಲ್ಲಿ ಬಂದುಹೋಗುತ್ತಿದ್ದವನಿಗೆ ಹೆಂಡತಿಯ ಜೊತೆ ದಿನವಿಡೀ ಹೇಗೆ ಇರುವುದೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಎಂಜಿನ್ ಒಂದೇ.

ಮೊದಲ ಸಲ ಸ್ವರ್ಣಾ ಹೊಳೆಯಲ್ಲಿ ಇಳಿದು ಹೋದಾಗ ನೀನು ಲೈಫ್ ಜಾಕೆಟ್ ಹಾಕಿಕೊಂಡೇ ನೀರುದೋಸೆ ತಿಂದೆ. ಕಾರ್ಕಳದ ಬಂಡೆಗಳ ನಡುವೆ ಹುಟ್ಟಿದವಳು, ಈಜು ಬಾರದವಳು. ಮದುವೆಯಾಗಿ ಕಲ್ಯಾಣಪುರಕ್ಕೆ ಬಂದು ಮೂವತ್ತು ವರ್ಷ ದಾಟಿದರೂ ಹೊಳೆಗೆ ಮೊಣಕಾಲಿಗಿಂತ ಮೇಲೆ ಇಳಿದವಳಲ್ಲ. ದೋಣಿಯಿಂದ ತಿರುಗಿ ನೋಡಿ, "ಅಯ್ಯೋ, ಹಗ್ಗದಲ್ಲಿ ಒಣಗಲು ಹಾಕಿದ ನನ್ನ ನೈಟಿಗಳೆಲ್ಲ ಇಲ್ಲಿಗೆ ಕಾಣ್ತದಲ್ಲ, ಇಷ್ಟು ವರ್ಷ ಮೀನಿನವರೆಲ್ಲ ನೋಡಿರಬೇಕು" ಎಂದು ಮುಖ ಮುಚ್ಚಿಕೊಂಡೆ. ಹೊಳೆಯ ನಡುವೆ ದ್ವೀಪದಂತಿರುವ ಕುದುರುಗಳಲ್ಲಿ ದೋಣಿ ನಿಲ್ಲಿಸಿದಲ್ಲೆಲ್ಲ ನಿನ್ನ ಹಳೆಯ ವಿದ್ಯಾರ್ಥಿಗಳು ಸಿಗುತ್ತಿದ್ದರು. ಕೆಮ್ಮಣ್ಣಿನ ತೂಗುಸೇತುವೆಯ ಮೇಲಿನಿಂದ ಒಬ್ಬ ಗಡ್ಡದವನು ಬಗ್ಗಿ, "ಟೀಚರೇ, ನೀವು ಇಲ್ಲಿ ಎಂತ ಮಾಡ್ತಾ ಇದ್ದೀರಿ?" ಎಂದು ಕೂಗಿದಾಗ ನೀನು ಕತ್ತೆತ್ತಿ, "ಸಂಸಾರ" ಎಂದೆ.

ಒಂದು ಸಂಜೆ ಕೋಡಿಬೆಂಗ್ರೆಯ ಹತ್ತಿರ, ಹೊಳೆ ಸಮುದ್ರಕ್ಕೆ ಸೇರುವಲ್ಲಿ, ನೀನು ದೋಣಿಯ ಅಂಚಿನಲ್ಲಿ ಕುಳಿತು ನಿಧಾನವಾಗಿ ಒಂದು ಕಾಲನ್ನು ನೀರಿಗಿಟ್ಟೆ. ನಾನು ನೋಡಿಯೂ ನೋಡದವನಂತೆ ಇದ್ದೆ. ನಿನಗೆ ನಿಜವಾಗಿ ಇಷ್ಟವಾಗಿತ್ತೇ? ಅಥವಾ ನನಗಾಗಿ... ಆಗಲೇ ಕೇಳಬೇಕಿತ್ತು. ಆಗ ನಾನು ಮುಂದಿನ ಪ್ರಯಾಣದ ಲೆಕ್ಕದಲ್ಲಿದ್ದೆ. ಹೊಳೆಗಳೆಲ್ಲ ಮುಗಿದಿದ್ದವು. ಇನ್ನು ಕಡಲಿಗಿಳಿದು, ದಡವನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡು ಕಾಪು ದಾಟಿ, ಹೆಜಮಾಡಿಯಲ್ಲಿ ಶಾಂಭವಿ ಹೊಳೆಯೊಳಗೆ ಸೇರಿಕೊಳ್ಳಬೇಕೆಂದು ನನ್ನ ಆಸೆ. ನಮ್ಮನ್ನು ಪೊರ್ಬು, ಬಾಯಮ್ಮ ಎಂದೇ ಕರೆಯುವ ಅಲ್ಲಿಯ ಮೀನುಗಾರ ಸದಾಶಿವ ದೋಣಿ ಕಟ್ಟಲು ತನ್ನ ಮನೆಯ ಹತ್ತಿರವೇ ಜಾಗ ತೋರಿಸಿದ್ದ.

ಆ ಬೆಳಿಗ್ಗೆ ನಾವು, ಲಾರಿಯಲ್ಲಿ ದೋಣಿ ತಂದು ಇಳಿಸಿದ್ದ ಕಟಪಾಡಿಯ ಹಿಂದಿನ ಹೊಳೆಯಲ್ಲಿ, ದೋಣಿಯಲ್ಲೇ ಎದ್ದೆವು. ನಾನು ಡೀಸೆಲ್ ತುಂಬುತ್ತಿದ್ದೆ. ನೀನು ಸ್ಟವ್ ಮುಂದೆ ಕುಳಿತು ಎಡಗೈಯನ್ನು ತಿಕ್ಕಿಕೊಳ್ಳುತ್ತಾ, "ಕೈ ಯಾಕೋ ಭಾರ ಭಾರ ಆಗ್ತಾ ಉಂಟು" ಎಂದೆ. ನಾನು ತಿರುಗಿಯೂ ನೋಡದೆ, "ಹಲಗೆಯ ಮೇಲೆ ಒಂದೇ ಮಗ್ಗುಲಲ್ಲಿ ಮಲಗಿದ್ದಕ್ಕೆ" ಎಂದೆ. ನೀನು ಕಾಫಿ ಕೊಟ್ಟೆ. ಹಗ್ಗ ಬಿಚ್ಚಿದೆ, ಬಲಗೈಯೊಂದರಲ್ಲೇ.

ಆ ಹೊಳೆ ಕಡಲು ಸೇರುವ ಮಲ್ಪೆಯ ಅಳಿವೆಗೆ ಬಂದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಮೀನಿನ ಬೋಟುಗಳು ಸಾಲಾಗಿ ಒಳಗೆ ಬರುತ್ತಿದ್ದವು, ನಾವು ಹೊರಗೆ ಹೋಗಬೇಕಿತ್ತು. ಆಗ ನೀನು ನನ್ನ ಹತ್ತಿರ ಬಂದು ನಿಂತೆ. "ಇಲ್ಲಿಯೇ ನನ್ನನ್ನು ಇಳಿಸ್ತೀರಾ? ನಾನು ಬಸ್ಸಿನಲ್ಲಿ ಮನೆಗೆ ಹೋಗ್ತೇನೆ. ಇವತ್ತು ಯಾಕೋ ಬೇಡ ಅನಿಸ್ತದೆ." ಬೋಟು ಕಟ್ಟುವ ಧಕ್ಕೆ ನಮ್ಮಿಂದ ಕಲ್ಲೆಸೆಯುವ ದೂರದಲ್ಲಿತ್ತು. ಬೋಟಿನವರ ಮಾತು ಕೇಳುತ್ತಿತ್ತು. ಸ್ಟೇರಿಂಗ್ ಸ್ವಲ್ಪ ಆ ಕಡೆಗೆ ತಿರುಗಿಸಿದ್ದರೆ ಆಗುತ್ತಿತ್ತು, ಐರಿನ್. ನಾನು ಹೇಳಿದ್ದು, "ಕಡಲು ನೋಡಿ ಹೆದರಿಕೆ ಅಷ್ಟೆ. ಕಾಪು ದಾಟಿದರೆ ಸರಿಯಾಗ್ತದೆ." ನೀನು ನನ್ನ ಮುಖ ನೋಡಿದೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಯಾರು ಓದಿ ಬಂದಿದ್ದಾರೆ, ಯಾರು ಇಲ್ಲ ಎಂದು ಹೇಳುತ್ತಿದ್ದವಳು ನೀನು. ನನ್ನ ಮುಖದಲ್ಲಿ ಎಂತ ಕಂಡಿತು ನಿನಗೆ? "ಸರಿ" ಎಂದು ಹೋಗಿ ಹಲಗೆಯ ಮೇಲೆ ಕುಳಿತೆ.

ಕಾಪುವಿನ ದೀಪಸ್ತಂಭ ಎಡಗಡೆಗೆ ಕಾಣಿಸಿಕೊಂಡಾಗ ನೀನು ಬೆವರಿ ಒದ್ದೆಯಾಗಿದ್ದೆ. ಒಮ್ಮೆ ವಾಂತಿ ಮಾಡಿದೆ. ಕಡಲಿನ ಅಲೆಗೆ ಹೊಸಬರಿಗೆ ಹಾಗಾಗುತ್ತದೆ. ಎಷ್ಟು ಜನರನ್ನು ನೋಡಿದ್ದೇನೆ ಎಂದು ನನ್ನ ಅನುಭವವನ್ನೇ ನಿನಗೆ ಹೇಳುತ್ತಿದ್ದೆ. ಲಿಂಬೆ ಹಿಂಡಿ ಕೊಟ್ಟೆ. ನೀನು ಕುಡಿಯಲಿಲ್ಲ, ಲೋಟವನ್ನು ಹಿಡಿದುಕೊಂಡೇ ಇದ್ದೆ. ಆಮೇಲೆ ಅದು ಕೈಯಿಂದ ಜಾರಿತು. ಆಗ ನಾನು ನಿನ್ನನ್ನು ನಿಜವಾಗಿ ನೋಡಿದೆ. ಎಂಜಿನ್ ಸದ್ದು ಕೂದಲಿನಷ್ಟು ಬದಲಾದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದ ಮನುಷ್ಯ ನಾನು. ಕಾಪುವಿನ ಕಲ್ಲುಗಳ ಮಧ್ಯೆ ಅಲೆ ಒಡೆಯುತ್ತಿತ್ತು, ಅಲ್ಲಿ ದೋಣಿಯನ್ನು ದಡಕ್ಕೆ ತರಲು ಸಾಧ್ಯವಿರಲಿಲ್ಲ. ತಿರುಗಿದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಸದಾಶಿವನಿಗೆ ಫೋನ್ ಮಾಡಿ, ಎಂಜಿನ್ನನ್ನು ಪೂರ್ತಿ ವೇಗಕ್ಕೆ ಬಿಟ್ಟೆ. ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದೆ. "ಸ್ವಲ್ಪ ತಡೆದುಕೋ, ಸ್ವಲ್ಪ ತಡೆದುಕೋ" ಎಂದು ಎಷ್ಟು ಸಲ ಹೇಳಿದೆನೋ. ನೀನು ಒಮ್ಮೆ, "ತಡೆದುಕೊಂಡೇ ಇದ್ದೇನಲ್ಲ" ಎಂದೆ. ಅದೇ ನೀನು ನನ್ನ ಜೊತೆ ಆಡಿದ ಕೊನೆಯ ಮಾತು.

ಹೆಜಮಾಡಿಯ ಅಳಿವೆಯಲ್ಲಿ ಸದಾಶಿವ ನೀರಿಗೇ ಇಳಿದು ನಿಂತಿದ್ದ. "ಪೊರ್ಬುಗಳೇ, ಬಾಯಮ್ಮನಿಗೆ ಎಂತ ಆಗಿದೆ?" ಎಂದು ಕೇಳಿದವನು ನಿನ್ನ ಮುಖ ನೋಡಿ ದಡದಲ್ಲಿದ್ದವರನ್ನು ಕೂಗಿ ಕರೆದ. ನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿ ಮರಳಿನ ಮೇಲೆ ಓಡಿದರು. ಆಂಬುಲೆನ್ಸ್ ಹೆದ್ದಾರಿಯಲ್ಲಿ ಮಣಿಪಾಲದ ಕಡೆಗೆ ಹೊರಟಿತು. ಕಟಪಾಡಿ ಜಂಕ್ಷನ್ನಿನಲ್ಲಿ ಬಸ್ಸು, ಆಟೋಗಳ ನಡುವೆ ಅದು ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ನಿನ್ನ ಉಸಿರು ನಿಂತಿತು. ಬೆಳಿಗ್ಗೆ ನೀನು ಕೈ ತಿಕ್ಕಿಕೊಳ್ಳುತ್ತಾ ಕುಳಿತಿದ್ದ ಜಾಗಕ್ಕೂ ಆ ಜಂಕ್ಷನ್ನಿಗೂ ನಡೆದು ಹೋಗುವಷ್ಟೇ ದೂರ. ಅಷ್ಟು ಹೊತ್ತು ಕಡಲು ಸುತ್ತಿ ನಿನ್ನನ್ನು ಅಲ್ಲಿಗೇ ತಂದಿದ್ದೆ.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಕಾಗದದ ಮೇಲೆ ಪೆನ್ನು ಹಿಡಿದು ಕೇಳಿದರು, "ನೋವು ಯಾವಾಗ ಶುರುವಾದದ್ದು?" ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿನ್ನ ವಿದ್ಯಾರ್ಥಿನಿಯಾಗಿರಬಹುದಾಗಿದ್ದವಳು. ನಾನು, "ಕಾಪು ಹತ್ತಿರ" ಎಂದೆ. ಬೆಳಗಿನ ಕೈ ನೋವು ಹೇಳಲಿಲ್ಲ. ಮಲ್ಪೆ ಹೇಳಲಿಲ್ಲ. ಬೇಕೆಂದೇ ಸುಳ್ಳು ಹೇಳಿದೆನೇ? ನಾಲಿಗೆಗೆ ಅದೇ ಬಂತು. ಅವರು ಬರೆದುಕೊಂಡರು. ಬರೆದದ್ದು ನಿಜವಾಯಿತು.

ನೀನು ಹೋದ ತಿಂಗಳಿಗೆ ಇಗರ್ಜಿಯಲ್ಲಿ ಪೂಜೆಯಾದ ದಿನ, ಹೊರಗೆ ಒಬ್ಬೊಬ್ಬರೇ ಬಂದು ನನ್ನ ಕೈ ಹಿಡಿದರು. "ಒಂದೇ ಗಳಿಗೆಯಲ್ಲಿ ಹೋದರಂತೆ, ನರಳಲಿಲ್ಲವಂತೆ, ಪುಣ್ಯ ಮಾಡಿದ್ದರು." "ಗಂಡನ ಜೊತೆ, ತನಗೆ ಇಷ್ಟವಾದ ಕಡಲಿನಲ್ಲಿ..." ನಾನು ತಲೆಯಾಡಿಸಿದೆ. ಪ್ರತಿ ಸಲ ತಲೆಯಾಡಿಸಿದಾಗಲೂ ನಿನ್ನನ್ನು ಇನ್ನೊಮ್ಮೆ ಆ ಅಳಿವೆಯಿಂದ ಹೊರಗೆ ಕರೆದುಕೊಂಡು ಹೋದ ಹಾಗೆ ಆಗುತ್ತಿತ್ತು. ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ಪಾಪನಿವೇದನೆಗೆ ಹೋಗಿ ಮಂಡಿಯೂರಿ, ಬೇರೆ ಏನೇನೋ ಸಣ್ಣಪುಟ್ಟದ್ದು ಹೇಳಿ ಎದ್ದು ಬಂದೆ. ಹೊಳೆಯ ಕಡೆಯ ಬಾಗಿಲು ತೆರೆಯುವುದಿಲ್ಲ. ನನಗೀಗ ಊಟದ ಹೊತ್ತು ಗೊತ್ತಾಗುವುದಿಲ್ಲ. ದೋಣಿಯಲ್ಲಿ ಮಳೆನೀರು ತುಂಬಿದೆ, ಎಂತ ಮಾಡುವ ಎಂದು ಸದಾಶಿವ ಎರಡು ಸಲ ಫೋನ್ ಮಾಡಿದ. ತುಂಬಲಿ ಎಂದೆ.

ಹೋದ ಶುಕ್ರವಾರ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ನಿನ್ನ ಅಕ್ಕ ಸಿಸಿಲಿಯಾ ಜಗಲಿಯಲ್ಲಿ ಕುಳಿತು ಹಲಸಿನ ಬೀಜ ಬಿಡಿಸುತ್ತಿದ್ದಳು. ಒಬ್ಬಳಿಗಾದರೂ ನಿಜ ಹೇಳಬೇಕೆಂದು ಹೋಗಿದ್ದೆ. ಕೈ ನೋವಿನಿಂದ ಹಿಡಿದು ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ, ಬೀಜ ಬಿಡಿಸುತ್ತಲೇ ಇದ್ದಳು. ಮುಗಿದ ಮೇಲೆ ಹೇಳಿದಳು, "ನನಗೆ ಗೊತ್ತುಂಟು, ಗ್ರೆಗರಿ."

"ಹೇಗೆ?"

"ಅವತ್ತು ಬೆಳಿಗ್ಗೆ ನನಗೆ ಫೋನ್ ಮಾಡಿದ್ದಳು. ಕೈ ಭಾರ, ಎದೆ ಹಿಡಿದ ಹಾಗೆ ಉಂಟು ಅಂದಳು. ಈಗಲೇ ಡಾಕ್ಟರಿಗೆ ತೋರಿಸು ಅಂದೆ. ನಾಳೆ ತೋರಿಸ್ತೇನೆ, ಇವರು ತುಂಬ ಆಸೆಯಲ್ಲಿ ಹೊರಟಿದ್ದಾರೆ ಅಂದಳು."

ನಾನೂ ಒಂದು ಬೀಜ ತೆಗೆದುಕೊಂಡು ಸಿಪ್ಪೆ ಬಿಡಿಸತೊಡಗಿದೆ.

"ನಾನು ನಿನಗೆ ಫೋನ್ ಮಾಡಬಹುದಿತ್ತು, ಅಲ್ವಾ? ನಂಬರ್ ಇತ್ತು. ಗಂಡ ಹೆಂಡತಿಯ ನಡುವೆ ನಾನ್ಯಾಕೆ ಅಂತ ಸುಮ್ಮನಾದೆ. ಯಾರಿಗೂ ಹೇಳಲಿಲ್ಲ." ಚಾ ಮಾಡಿ ಕೊಟ್ಟಳು. ಇಬ್ಬರೂ ಕುಡಿದೆವು. ಹೊರಡುವಾಗ ಗೇಟಿನವರೆಗೂ ಬಂದು, "ಇನ್ನು ಸ್ವಲ್ಪ ದಿನ ಬರಬೇಡ. ಸಿಟ್ಟಲ್ಲ. ನಿನ್ನನ್ನು ನೋಡಿದರೆ ನನಗೆ ಆ ಫೋನೇ ಕೇಳ್ತದೆ" ಎಂದಳು. ಹಗುರಾಗಬಹುದು ಎಂದು ಹೋದವನು ಅವಳ ಭಾರವನ್ನೂ ನೋಡಿ ಬಂದೆ. ನೀನು ಅವಳಿಗೆ ಹೇಳಿದೆ, ನನಗೂ ಹೇಳಿದೆ, ಎರಡೆರಡು ಸಲ ಹೇಳಿದೆ. ಇದಕ್ಕಿಂತ ಜೋರಾಗಿ ಹೇಗೆ ಹೇಳಬೇಕಿತ್ತು ನೀನು?

ನಿನ್ನೆ ನಿಮ್ಮ ಶಾಲೆಯಿಂದ ಫೋನ್ ಬಂತು. ಬರುವ ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಿನ್ನ ನೆನಪಿಗೆ ಒಂದು ಸಭೆ ಮಾಡುತ್ತಾರಂತೆ. ಈಗ ಅಲ್ಲಿ ಕನ್ನಡ ಕಲಿಸುತ್ತಿರುವವಳು, "ಟೀಚರ್ ಕೊನೆಗೆ ಎಷ್ಟು ಸಂತೋಷವಾಗಿದ್ದರು ಅಂತ ನೀವೇ ಎರಡು ಮಾತು ಹೇಳಬೇಕು ಸರ್" ಎಂದಳು. ಆಗಲಿ ಎಂದೆ.

ಹೋಗುತ್ತೇನೆ ಐರಿನ್. ಮಲ್ಪೆಯಲ್ಲಿ ನನ್ನನ್ನು ಇಳಿಸಿ ಎಂದು ಟೀಚರ್ ಕೇಳಿದ್ದರು, ನಾನು ಇಳಿಸಲಿಲ್ಲ ಎಂದು ಅವರೆಲ್ಲರ ಮುಂದೆ ಹೇಳುತ್ತೇನೆ.

ನಿನ್ನ
ಗ್ರೆಗರಿ