ಟ್ರಾಕ್ಟರ್ ಓಡಿಸುವವಳನ್ನು ಕೇಳಲಿಲ್ಲ

ಮಗನೇ,

ನೀನು ನೋಡಿಟ್ಟ ಟ್ರಾಕ್ಟರ್ ಹತ್ತಿರ ನಾನೂ ನಿನ್ನ ಹೆಂಡತಿಯೂ ಹೋಗುತ್ತಿದ್ದೇವೆ. ನೀನು ಏಳುವ ತನಕ ಕಾಯಲಿಲ್ಲ. ಎದ್ದರೆ ಮತ್ತೆ ಮಾತಿಗೆ ಮಾತು ಬೆಳೆಯುತ್ತದೆ, ನನಗೆ ಸಾಕಾಗಿದೆ.

ನಮ್ಮ ಹಳೆಯ ಟ್ರಾಕ್ಟರ್ ಕೊಳ್ಳುವವನು ಹತ್ತು ಗಂಟೆಗೆ ಬರುತ್ತಾನೆ. ಟೀ ಕೊಟ್ಟು ಕೂರಿಸು. ಕೀಲಿ ಹುಡುಕಬೇಡ, ನನ್ನ ಜೇಬಿನಲ್ಲಿದೆ.

ಹಳೆಯದಕ್ಕೆ ಏರಿನ ಹೊಲದಲ್ಲಿ ಕಸುವಿಲ್ಲ, ಮುಂದಿನ ಚಕ್ರಗಳು ಎಳೆಯುವುದನ್ನು ಬಿಟ್ಟು ಎರಡು ವರ್ಷವಾಯಿತು. ಒಪ್ಪುತ್ತೇನೆ. ನೀನು ನೋಡಿಟ್ಟದ್ದು ಇನ್ನೊಬ್ಬರು ಓಡಿಸಿ ಬಿಟ್ಟದ್ದಾದರೂ ಅದಕ್ಕಿಂತ ಬಲವಾದದ್ದು, ಅದೂ ಸರಿ. ನೀನು ಇಂಜಿನ್ ಸದ್ದು ಕೇಳಿದೆ, ಟೈರು ಒದ್ದು ನೋಡಿದೆ. ಓಡಿಸುವವಳನ್ನು ಕೇಳಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ನೀನು ಅಂಗಡಿ ಇಟ್ಟ ಮೇಲೆ ಏಳು ವರ್ಷದಿಂದ ಹೊಲ ಉಳುತ್ತಿರುವವಳು ಅವಳು. ಈಗಲೇ ಹೋಗಿ ಹಳೆಯದರ ಕ್ಲಚ್ ನೋಡು. ಕಾಲು ಎಟುಕದೆ ಅದಕ್ಕೊಂದು ಮರದ ತುಂಡು ಕಟ್ಟಿಕೊಂಡಿದ್ದಾಳೆ. ನೀನು ನೋಡಿಟ್ಟದ್ದಕ್ಕೆ ಕಾಲು ಎಟುಕುತ್ತದೋ ಎಂದು ನಿನ್ನೆ ಕೇಳಿದರೆ, "ಅದಕ್ಕೂ ಒಂದು ಕಟ್ಕೋತೀನಿ ಬಿಡಿ ಮಾವ, ಅವ್ರಿಗೆ ಇಷ್ಟ ಆಗಿದ್ಯಲ್ಲ" ಅಂದಳು.

ಅವಳು ಸೀಟಿನಲ್ಲಿ ಕೂತು, ಏರಿನಲ್ಲಿ ಒಂದು ಸುತ್ತು ಹೊಡೆದು, ಕಾಲು ಪೂರ್ತಿ ಎಟುಕಿದರೆ ಮಾತ್ರ ಅದು ನಮ್ಮ ಅಂಗಳಕ್ಕೆ ಬರುತ್ತದೆ. ಇಲ್ಲವಾದರೆ ಬೇರೆ ನೋಡೋಣ, ಹಳೆಯದು ಇನ್ನೊಂದು ತಿಂಗಳು ತೆವಳಲಿ.

ವಾಪಸು ಬಂದಾಗ ಅವಳು ಏನೂ ಆಗಿಲ್ಲವೆಂಬಂತೆ ನೇರ ಒಲೆಯ ಹತ್ತಿರ ಹೋಗುತ್ತಾಳೆ. ಬಿಡಬೇಡ. ಕೂರಿಸಿಕೊಂಡು ಟ್ರಾಕ್ಟರ್ ಹೇಗಿತ್ತು ಎಂದು ಕೇಳು. ನನ್ನ ಮುಖ ನೋಡಬೇಡ, ಅವಳನ್ನೇ ಕೇಳು.

ಅಪ್ಪ